ಕೊಬ್ಬರಿ ಅಟ್ಟದಲ್ಲಿ ಬೆಳೆದ ಸೊಪ್ಪು

ನಾನು ಸಿಟ್ಟಿನಿಂದ ಏನು ಮಾಡಿದರೂ ಊರಿಗೆ ನಗು ಬರುತ್ತದೆ. ಕೊಬ್ಬರಿ ಬೆಲೆಗಾಗಿ ರಸ್ತೆಗೆ ಅಡ್ಡ ಮಲಗಿದಾಗಲೂ ನಕ್ಕರು. ನಾನು ಮಲಗಿದ ರಸ್ತೆಗೆ ಬಸ್ಸೇ ಬರುತ್ತಿರಲಿಲ್ಲವಂತೆ. ಇನ್ನು ಸೊಪ್ಪು ಬೆಳೆದರೆ ಬಿಡುತ್ತಾರೆಯೇ?

ನಮ್ಮದು ಹೊನ್ನವಳ್ಳಿ ಕಡೆ. ಕಪ್ಪುತಲೆ ಹುಳು ಬಿದ್ದು ತೆಂಗಿನ ತೋಟ ಪೊರಕೆಯಾಯಿತು, ಕಾಯಿ ತುಂಬುತ್ತಿದ್ದ ಅಟ್ಟ ಖಾಲಿಯಾಯಿತು. ನನ್ನ ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ, ಬಟ್ಟೆಯ ಧೂಳಿಗೆ ಕೆಮ್ಮು ಹತ್ತಿ, ಬಿಟ್ಟು ಬಂದವಳು. ಮತ್ತೆ ಹೋಗುತ್ತೇನೆ ಎಂದು ಎದ್ದಳು. ಹೋದರೆ ಆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತುಮಕೂರಿನ ಒಂದು ಹೋಟೆಲಿನವರು ಲೆಟಿಸ್ ಎಂಬ ಸೊಪ್ಪು ಚೆನ್ನಾಗಿದ್ದರೆ ವಾರವಾರ ಕೊಳ್ಳುತ್ತೇವೆ ಎಂದಿದ್ದರು. ಚಳಿಗಾಲ, ಅಟ್ಟ ತಂಪಾಗಿತ್ತು, ಬೆಳಕೊಂದೇ ಇಲ್ಲ. ದೀಪ ಹಾಕಿ ಬೆಳೆಯುತ್ತೇನೆ ಎಂದೆ.

"ಒಂದು ಬೆಳೆ ನೋಡ್ತೀನಿ. ಆಗ್ನಿಲ್ಲ ಅಂದ್ರೆ ನಾನು ಬಸ್ ಹತ್ತೋಳೇ" ಎಂದಳು.

೧. ಅಂಗಡಿಯವನ ಸಲಹೆ

ತಿಪಟೂರಿನ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಕಡಿಮೆ ಬೆಲೆಯ ಎಲ್‌ಇಡಿ ಬೇಕು ಎಂದೆ.

"ಹಾಲ್‌ಗೋ, ಅಡುಗೆಮನೆಗೋ, ದೇವರಮನೆಗೋ ಸಾರ್?"

"ಸೊಪ್ಪಿಗೆ."

ಆತ ಯೋಚನೆ ಮಾಡಿ ಹಸಿರು ಬಲ್ಬ್ ತೆಗೆದ. "ಇದು ಹಾಕಿ ಸಾರ್. ಹಸಿರಾಗಿ ಬರುತ್ತೆ."

ನನಗೆ ಉರಿಯಿತು. "ಎಲೆ ಹಸಿರು ಬೆಳಕನ್ನೇ ಹೆಚ್ಚು ಹಿಂದಕ್ಕೆ ತಳ್ಳೋದು ಕಣ್ರೀ! ಅದಕ್ಕೇ ಹಸಿರಾಗಿ ಕಾಣೋದು! ಅದಕ್ಕೆ ಬೇಕಾದ್ದು ಕೆಂಪು, ನೀಲಿ!"

ಆತನಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. "ಕೆಂಪು, ನೀಲಿ ಸೀರಿಯಲ್ ಸೆಟ್ ಇದೆ ಸಾರ್. ಗಣಪತಿ ಹಬ್ಬದಲ್ಲಿ ಉಳಿದದ್ದು. ಆರಿ ಆರಿ ಹತ್ಕೊಳ್ಳುತ್ತೆ. ಸೊಪ್ಪಿಗೂ ಬೇಜಾರಾಗಲ್ಲ."

೨. ನಮ್ಮ ನೆಲದ ಗುಣ

ಅಂಗಡಿಯವನಿಗೆ ಬೈದು ಬಂದು, ಮೊಬೈಲಿನಲ್ಲಿ ನೇರಳೆ ಬಣ್ಣದ ದೀಪ ತರಿಸಿದೆ. ಡಬ್ಬದ ಮೇಲೆ ಬರೆದಿದ್ದ ವ್ಯಾಟ್ ನೋಡಿದರೆ ಊರಿಗೇ ಬೆಳಗಾಗಬೇಕು. ಮೋಟಾರ್ ರಿಪೇರಿ ಮಾಡುವ ಭಾಯ್ ಹತ್ತಿರ ಮೀಟರ್ ಹಿಡಿಸಿದೆ. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು.

"ಡಬ್ಬದ ಮೇಲಿರೋದು ವ್ಯಾಟ್ ಅಲ್ಲಣ್ಣ, ಎಲೆಕ್ಷನ್ ಭರವಸೆ" ಎಂದರು ಭಾಯ್.

ಆದರೂ ಹಟಕ್ಕೆ ಅದನ್ನೇ ಮೇಲಿನ ತೊಲೆಗೆ ಕಟ್ಟಿದೆ. ಸಸಿಗಳು ಅಷ್ಟು ಎತ್ತರದ ಬೆಳಕಿಗೆ ಕತ್ತು ಚಾಚಿ ಚಾಚಿ, ತುದಿಯಲ್ಲಿ ಮಾತ್ರ ನಾಲ್ಕು ಎಲೆ ಇಟ್ಟುಕೊಂಡು ದಾರದಂತಾದವು. ಪಕ್ಕದ ಮನೆಯ ಅಜ್ಜ ಏಣಿ ಹತ್ತಿ ಬಂದು ನೋಡಿದ.

"ನಮ್ಮ ನೆಲದ ಗುಣ ಕಣ್ಲಾ. ಏನು ಹಾಕಿದ್ರೂ ತೆಂಗಿನ ಮರವೇ ಆಗೋದು."

ಅಜ್ಜ ಇಳಿಯುತ್ತಾ ಹೇಳಿದ: "ಇದಕ್ಕೂ ಕಾಯಿ ಕೀಳೋರು ಸಿಗಲ್ಲ ಬುಡು."

೩. ಬಂದದ್ದು ಏನು?

ನೇರಳೆ ದೀಪ ಬಿಚ್ಚಿ ಎಸೆದೆ. ಮನೆಗೆ ಹಾಕುವ ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್‌ಗಳನ್ನೇ ತಂದು, ಎಲೆಯಿಂದ ಒಂದು ಗೇಣು ಮೇಲೆ ಸಾಲಾಗಿ ಕಟ್ಟಿ, ಸಸಿಯಲ್ಲೇ ಹೋದದ್ದು ಬೆಳೆಯ ಲೆಕ್ಕಕ್ಕಿಲ್ಲ ಎಂದು ಹೆಂಡತಿಯನ್ನು ಒಪ್ಪಿಸಿ, ಹೊಸದಾಗಿ ಬಿತ್ತಿದೆ. ಈ ಸಲ ಗಿಡ ತಗ್ಗಾಗಿ, ದಟ್ಟವಾಗಿ ಎದ್ದಿತು. ನನ್ನ ಹೆಂಡತಿ ಎಷ್ಟೋ ದಿನದ ಮೇಲೆ ನಕ್ಕಳು.

ಅವಳು ನೀರಿಗೆ ಹೋದಾಗ ಎದುರುಮನೆಯಾಕೆ ಕೇಳಿದಳಂತೆ: "ನಿಮ್ಮೋರು ಯಾಕವ್ವ ಆಚೆಗೇ ಬರಲ್ಲ?"

"ಅಟ್ಟದ ಮೇಲವ್ರೆ. ಲೆಟಿಸ್ ಬಂದೈತೆ."

ರಸ್ತೆಗೆ ಅಡ್ಡ ಮಲಗುವ ನನ್ನಂಥವನಿಗೆ ಬರುವಂಥದ್ದು ಎಂದು ಆಕೆಗೆ ಗೊತ್ತಿದ್ದದ್ದು ಒಂದೇ, ಕೋರ್ಟಿನ ನೋಟಿಸ್. ಸಂಜೆಯೊಳಗೆ ನೆಂಟರೆಲ್ಲ ಸಮಾಧಾನ ಹೇಳಲು ಬಂದರು. ನನ್ನ ಸೋದರಮಾವ ಏಣಿಯ ಬುಡದಲ್ಲೇ ನಿಂತು ಕೂಗಿದ: "ಅಟ್ಟದಲ್ಲಿ ಅಡಗಿದ್ರೆ ಕೇಸು ಬಿಡ್ತದೇನಪ್ಪಾ? ಧೈರ್ಯವಾಗಿರು, ನಾನಿದ್ದೀನಿ. ಜಾಮೀನು ಮಾತ್ರ ಕೇಳಬ್ಯಾಡ, ಪಹಣಿ ಇನ್ನೂ ಅಪ್ಪನ ಹೆಸರಲ್ಲೈತೆ."

೪. ಒಪ್ಪಿಕೊಂಡದ್ದು

ಬೆಳೆ ಕೈಗೆ ಬಂದ ಹೆಮ್ಮೆಗೆ ಟೀ ಅಂಗಡಿಯಲ್ಲಿ ಜೋರಾಗಿ ಹೇಳಿಬಿಟ್ಟೆ: "ಅಟ್ಟದಲ್ಲಿ ಲೈಟ್ ಹಾಕಿ ಸೊಪ್ಪು ಬೆಳೆದಿದೀನಿ. ತುಮಕೂರಲ್ಲಿ ಗಿರಾಕಿ ರೆಡಿ ಅವ್ರೆ." ನಮ್ಮ ಕಡೆ ಗಾಂಜಾಕ್ಕೂ ಸೊಪ್ಪು ಅಂತಲೇ ಹೆಸರು. ಅದು ನೆನಪಾದದ್ದು ಕೊಯ್ಲಿನ ಬೆಳಿಗ್ಗೆ, ಪೊಲೀಸ್ ಜೀಪು ಬಾಗಿಲಿಗೆ ಬಂದಾಗ.

"ಸೊಪ್ಪು ಎಲ್ಲಪ್ಪಾ?" ಎಂದರು ಸಾಹೇಬರು.

"ಅಟ್ಟದಲ್ಲಿ."

"ಒಪ್ಕೊಂಡ ಸಾರ್!" ಎಂದ ಪೇದೆ.

"ಯಾರಿಗೆ ಮಾರ್ತೀಯ?"

"ಹೋಟೆಲಿಗೆ. ಅವರು ಬ್ರೆಡ್ ಒಳಗಿಟ್ಟು ಕೊಡ್ತಾರೆ."

"ಬ್ರೆಡ್ ಒಳಗೆ ಬಚ್ಚಿಟ್ಟು ಮಾರ್ತಾರಂತೆ ಸಾರ್!"

"ತಿಂದು ನೋಡ್ರೀ!" ಎಂದು ಅರಚಿದೆ.

"ಪೊಲೀಸರಿಗೇ ತಿನ್ನಿಸ್ತಾನಂತೆ ಸಾರ್!"

ಎಲ್ಲವನ್ನೂ ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿ, ನನ್ನನ್ನೂ ಜೀಪಿಗೆ ಹತ್ತಿಸಿದರು. ಆಗಲೇ ಬಂದ ಹೋಟೆಲಿನ ಗಾಡಿ ಜೀಪು ನೋಡಿ ಹಾಗೇ ತಿರುಗಿ ಹೋಯಿತು, ಮತ್ತೆ ಬರಲಿಲ್ಲ. ಮಧ್ಯಾಹ್ನ ತೋಟಗಾರಿಕೆ ಇಲಾಖೆಯವರು ಠಾಣೆಗೆ ಬಂದು, ಇದು ತಿನ್ನುವ ಸೊಪ್ಪು ಎಂದರು. ಸಾಹೇಬರು ತಪ್ಪಾಯಿತು ಎಂದು ನನ್ನನ್ನು ಬಿಟ್ಟರು. ಸೊಪ್ಪು ಬಿಸಿಲಿಗೆ ಬಾಡಿ ಒದ್ದೆ ಬಟ್ಟೆಯಂತಾಗಿತ್ತು.

ಸೋಮವಾರ ನನ್ನ ಹೆಂಡತಿ ಗಾರ್ಮೆಂಟ್ಸ್ ಬಸ್ ಹತ್ತಿದಳು. ನಾನು ತಡೆಯಲಿಲ್ಲ, ಯಾವ ಬಾಯಲ್ಲಿ ತಡೆಯಲಿ? ಸಂಜೆ ಬಂದವಳು ಕೆಮ್ಮಿ, ನೀರು ಕುಡಿದು ಕೂತಳು.

"ಬಸ್ಸಲ್ಲಿ ರಶ್ಶಿತ್ತಾ?" ಎಂದೆ.

"ನಿಲ್ಲೋಕೂ ಜಾಗ ಇರಲಿಲ್ಲ. ಕಿಟಕಿ ಹತ್ರ ಕೂತಿದ್ದೋರು ಯಜಮಾನ್ರು ಏನ್ಮಾಡ್ತಾರವ್ವ ಅಂದ್ರು. ಸೊಪ್ಪು ಬೆಳೀತಿದ್ರು, ಪೊಲೀಸ್ರು ಹಿಡ್ಕೊಂಡೋಗಿದ್ರು ಅಂದೆ. ಗಪ್ ಅಂತ ಎದ್ದು ಕಿಟಕಿ ಸೀಟ್ ಬಿಟ್ಕೊಟ್ರು."