ಬಿಳಿ ಅಂಗಿಯೊಳಗಿನ ಅತಿಥಿಗಳು

ಎಂಟನೇ ನಂಬರಿನ ಅತಿಥಿ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದಿಳಿದ. ಮೌನಿಮಾವನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ತಮ್ಮ ಚಿಪ್‌ಗಳನ್ನು ತಾವೇ ಮಾಡುತ್ತೇವೆಂದು ಲೋಕಕ್ಕೆಲ್ಲ ಸಾರುವ ಕಂಪ್ಯೂಟರ್ ಕಂಪನಿಗಳು ಅವನ್ನು ಗುಟ್ಟಾಗಿ ಮಾಡಿಸುತ್ತಿದ್ದದ್ದು ಈ ಕಾರ್ಖಾನೆಯಲ್ಲಿ. ಇಲ್ಲಿ ಅತಿಥಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಒಂದು ಕಂಪನಿಯವರು ಇನ್ನೊಂದರವರ ಮುಖ ನೋಡಕೂಡದು. ಅದನ್ನು ಕಾಯುವುದೇ ಮಾವನ ಕೆಲಸ; ಗುಟ್ಟು ಬಿಡದ ಅವನನ್ನು ಕಾರ್ಖಾನೆಯವರೆಲ್ಲ ಮೌನಿಮಾವ ಎನ್ನುತ್ತಿದ್ದರು.

ದೂರದ ಬೀಗರ ಮನೆಯಲ್ಲಿ ಮಗಳು ಹೆತ್ತು ತಿಂಗಳಾಗಿತ್ತು. ಮೊಮ್ಮಗಳ ಮುಖ ಮಾವ ಇನ್ನೂ ಕಂಡಿರಲಿಲ್ಲ. “ಇವತ್ತು ಏಳೂ ಎಂಟೂ ಒಬ್ಬರನ್ನೊಬ್ಬರು ನೋಡದೆ ಸಹಿ ಹಾಕಿ ಹೋಗಲಿ, ನಾಳೆಯಿಂದ ಹತ್ತು ದಿನ ರಜೆ” ಅಂದಿದ್ದರು ಮ್ಯಾನೇಜರು.

ಈಗ ಏಳು ಒಳಗೆ, ಎಂಟು ಬಾಗಿಲಲ್ಲಿ. ಮಾವ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ.

“ಯಾಕೆ ಮಾವಾ ಹೀಗೆ ಬೆವರ್ತೀರಿ?” ಎಂದಳು ಚಿಪ್ ತಪಾಸಣೆಯ ಅಕ್ಕ. “ಇಬ್ಬರಿಗೂ ನಮ್ಮ ಬಿಳಿ ಅಂಗಿ ತೊಡಿಸಿ. ಹೆತ್ತ ತಾಯಿಗೂ ಗುರುತು ಸಿಗಲ್ಲ.”

ಧೂಳು ಬೀಳದಿರಲೆಂದು ಯಂತ್ರಗಳ ಕೋಣೆಗೆ ಹೋಗುವವರೆಲ್ಲ ತೊಡುವ ಅಂಗಿ ಅದು. ಟೋಪಿ, ಮುಸುಕು, ಕೈಗವಸು. ಕಣ್ಣೆರಡು ಬಿಟ್ಟರೆ ಮನುಷ್ಯನೇ ಕಾಣ.

ಒಳಗೆ ಇಬ್ಬರೂ ಎದುರುಬದುರಾದರು. ಯಾರೋ ಕೆಲಸದವನೆಂದು ತಿಳಿದು ಒಬ್ಬರಿಗೊಬ್ಬರು ದಾರಿ ಬಿಟ್ಟರು. ದೇವರು ದೊಡ್ಡವನು ಎಂದುಕೊಂಡು ಮಾವ ತಿರುಗಿ ನೋಡಿದರೆ, ಎರಡು ಕೊಕ್ಕರೆ ನಿಂತಿವೆ. ಯಾವುದು ಏಳು, ಯಾವುದು ಎಂಟು? ಕೇಳುವಂತಿಲ್ಲ, ನಂಬರು ಬಾಯಿಗೆ ಬಂದರೆ ಗುಟ್ಟು ರಟ್ಟು.

“ಉದ್ದ ಇರೋರು ಏಳು” ಎಂದು ಅಕ್ಕ ಪಿಸುಗುಟ್ಟಿದಳು.

“ಇಬ್ಬರೂ ಉದ್ದವೇ ಕಣಮ್ಮ.”

“ಹಾಗಾದ್ರೆ ದೇವರ ಮೇಲೆ ಭಾರ ಹಾಕಿ.”

“ಆಗಲೇ ಹಾಕಿದ್ದೆ. ಅವನು ನಿನ್ನ ಮಾತು ಕೇಳು ಅಂದ.”

ಮಾವ ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರ ಮುಂದೆ ಒಂದೊಂದು ಚಿಪ್ ಇಟ್ಟ. ಒಬ್ಬ ಯಂತ್ರದಲ್ಲಿ ಇಣುಕಿ, “ಇದು ನಮ್ಮದೇ. ಇಂಥದ್ದು ಲೋಕದಲ್ಲಿ ಇನ್ನೊಂದಿಲ್ಲ” ಎಂದು ಹೆಮ್ಮೆಯಿಂದ ಸಹಿ ಹಾಕಿದ. ಕೋಣೆಯ ಆ ತುದಿಯಲ್ಲಿ ಇನ್ನೊಬ್ಬನೂ ಹಾಗೇ ಹೇಳಿ ಹಾಕಿದ. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೋದರು. ಆಮೇಲೆ ಸಹಿ ನೋಡಿದರೆ, ಏಳರ ಚಿಪ್ ಅನ್ನು ಎಂಟು ಒಪ್ಪಿದ್ದ, ಎಂಟರದ್ದನ್ನು ಏಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಾವ ನೇರ ಹೋಗಿ ಮ್ಯಾನೇಜರಿಗೆ ಎಲ್ಲ ಒಪ್ಪಿಸಿದ.

ಮ್ಯಾನೇಜರು ಎದ್ದು ಬಾಗಿಲು ಹಾಕಿದರು. “ಗಾಬರಿ ಬೇಡ. ಇಬ್ಬರೂ ನಕ್ಷೆ ಬರೆಸಿದ್ದು ಒಬ್ಬನ ಹತ್ತಿರವೇ, ಅದೂ ಗುಟ್ಟಾಗಿ. ಎರಡೂ ಒಂದೇ ಚಿಪ್. ಇದು ಅವರಿಗೂ ತಿಳಿಯದು, ಇಷ್ಟು ದಿನ ನನಗೊಬ್ಬನಿಗೇ ಗೊತ್ತಿತ್ತು.”

ಮಾವನಿಗೆ ಹೋದ ಜೀವ ಬಂತು. “ಹಾಗಾದ್ರೆ ನನ್ನ ರಜೆ?”

“ಅಲ್ಲಿ ನಿಮ್ಮ ಬೀಗಿತ್ತಿಯ ಮಾತುಕತೆ ಹೇಗೆ?”

“ಅಯ್ಯೋ, ಕಲ್ಲಿನ ಬಾಯನ್ನೂ ಬಿಡಿಸ್ತಾರೆ ಸ್ವಾಮಿ.”

“ಅದೇ ಅನ್ಕೊಂಡೆ” ಎಂದು ಮ್ಯಾನೇಜರು ಪಕ್ಕದ ಕುರ್ಚಿ ಎಳೆದು ಕೊಟ್ಟರು. “ನನಗೆ ಈ ಗುಟ್ಟು ತಿಳಿದು ಆರು ವರ್ಷ. ಅವತ್ತಿಂದ ನನಗೂ ರಜೆ ಇಲ್ಲ. ಕೂತ್ಕೊಳ್ಳಿ, ಅಂತೂ ಜೊತೆಗೊಬ್ಬರು ಸಿಕ್ಕಿದ್ರಿ.”