ದಿನಕ್ಕೆ ಸಾವಿರದ ಆರುನೂರ ಅರವತ್ತೇಳು ಪದ

"ನನ್ನೊಳಗೊಂದು ಕಾದಂಬರಿ ಇದೆ" ಎಂದು ನಾನು ಮೂವತ್ತು ವರ್ಷ ಹೇಳಿಕೊಂಡು ತಿರುಗಿದೆ. ಡುಲುತ್ ಊರಿನ ಬೀದಿಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುವಾಗಲೂ ಹೇಳಿದೆ, ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ಹೇಳಿದೆ. ('ಕಾದಂಬರಿ'ಯಲ್ಲಿ 'ಬರಿ'ಗಿಂತ ಮೊದಲು 'ಕಾದ' ಬರುತ್ತದಲ್ಲ, ನಾನೂ ಕಾದೆ.) ಕಾಯಲಾರದವಳು ನನ್ನ ಹೆಂಡತಿ ಮಾರ್ಲಿಸ್.

"ವೆಂಡೆಲ್, ನವೆಂಬರ್ ಬಂತು. ಒಂದೇ ತಿಂಗಳಲ್ಲಿ ಐವತ್ತು ಸಾವಿರ ಪದದ ಕಾದಂಬರಿ ಬರೆಯೋ ಸವಾಲಂತೆ ಲೈಬ್ರರಿಯಲ್ಲಿ. ಹೆಸರು ಕೊಡು. ನನ್ನ ಹೊಲಿಗೆ ಕೋಣೆ ತಗೋ. ಮುಗಿಸದೆ ಹೋದೆಯೋ, ಇನ್ನು ಈ ಜನ್ಮದಲ್ಲಿ ಆ ಸುದ್ದಿ ಎತ್ತಕೂಡದು!"

ಮೂವತ್ತು ವರ್ಷದ ಮರ್ಯಾದೆಯ ಪ್ರಶ್ನೆ. ಒಪ್ಪಿಕೊಂಡೆ.

ಒಂದನೇ ತಾರೀಕು ಹೊಲಿಗೆ ಕೋಣೆಯಲ್ಲಿ ವಿರಾಜಮಾನನಾದೆ. ನಾಯಕನನ್ನು ದೋಣಿ ಹತ್ತಿಸಿದೆ. ಎಲ್ಲಿಗೆ ಹೊರಟ? ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಧ್ಯಾಹ್ನದವರೆಗೆ ಅವನು ದೋಣಿಯಲ್ಲಿ ಕೂತ, ನಾನು ಕುರ್ಚಿಯಲ್ಲಿ ಕೂತೆ. ಒಟ್ಟು ಹನ್ನೊಂದು ಪದ (ನನ್ನ ಹೆಸರೂ ಸೇರಿ).

ಬಾಗಿಲಲ್ಲಿ ಮಾರ್ಲಿಸ್ ಪ್ರತ್ಯಕ್ಷಳಾದಳು. "ಐದು ಲೋಟ ಕಾಫಿ, ಹನ್ನೊಂದು ಪದ! ಗ್ಯಾರೇಜಿನ ಬಾಗಿಲು ರಿಪೇರಿ ಮಾಡು ಅಂದರೆ ಬೇಸಿಗೆ ಬರಲಿ ಅಂದೆ. ಬೇಸಿಗೆ ಬಂದರೆ ಮೀನು ಹಿಡೀಬೇಕು ಅಂದೆ. ಈಗ ಸಾಹಿತ್ಯ ಅಂತೀಯ! ನಮ್ಮಮ್ಮ ಅವತ್ತೇ ಹೇಳಿದ್ದಳು..."

ಅವಳ ಮಾತಿನ ಹಿಂದೆಯೇ ನನ್ನ ಬೆರಳುಗಳು ಕೀಲಿಮಣೆಯ ಮೇಲೆ ತಾವಾಗಿಯೇ ಓಡತೊಡಗಿದವು. ಅವಳ ಅಮ್ಮನ ಪುರಾಣ ಮುಗಿಯುವಷ್ಟರಲ್ಲಿ ಒಂಬೈನೂರು ಪದ! ಅಯ್ಯೋ ದೇವರೇ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದೆನಲ್ಲ! ತಕ್ಷಣ ದೋಣಿಗೆ ನಾಯಕನ ಹೆಂಡತಿಯನ್ನೂ ಹತ್ತಿಸಿದೆ.

ಮರುದಿನ ಒದ್ದೆ ಬೂಟು ಹಾಕಿಕೊಂಡು ಜಮಖಾನದ ಮೇಲೆ ನಡೆದೆ: ನಾನೂರು ಪದ. ಓವನ್ನಿನಲ್ಲಿ ರಾತ್ರಿಯೂಟಕ್ಕೆ ಬೇಯುತ್ತಿದ್ದ ಹಾಟ್‌ಡಿಶ್ ಸೀಯಲು ಬಿಟ್ಟೆ: ಸಾವಿರದ ಇನ್ನೂರು.

ನಾಲ್ಕನೇ ದಿನ ನಾನು ಅಂಚೆ ತರಲು ಹೋಗಿ ಬರುವಷ್ಟರಲ್ಲಿ ಮಾರ್ಲಿಸ್ ನನ್ನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಓದುತ್ತಿದ್ದಳು. ಅಂಚೆಯ ಕಟ್ಟನ್ನು ಗುರಾಣಿಯಂತೆ ಎದೆಗೆ ಹಿಡಿದೆ.

"ಇದೆಲ್ಲಾ ನಾನು ಅಂದಿದ್ದಾ?"

"ಅಕ್ಷರಶಃ."

ಅವಳ ಕಣ್ಣು ಒದ್ದೆಯಾಯಿತು. "ಮದುವೆಯಾದಾಗಿನಿಂದ ನನ್ನ ಮಾತನ್ನ ನೀನು ಇಷ್ಟು ಗಮನ ಇಟ್ಟು ಕೇಳಿದ್ದು ಇದೇ ಮೊದಲು ಕಣೋ."

ಪಾಪ, ಎಷ್ಟು ಒಳ್ಳೆಯವಳು! ಗೆದ್ದೆ ಅಂದುಕೊಂಡೆ.

ಮರುದಿನ ಅವಳು ತುಟಿಪಿಟಕ್ ಅನ್ನಲಿಲ್ಲ. ಒದ್ದೆ ಬೂಟನ್ನು ಸೋಫಾದ ಮೇಲಿಟ್ಟೆ. ನಕ್ಕು ಎತ್ತಿಟ್ಟಳು. ಅವಳ ಅಮ್ಮನ ಸುದ್ದಿಯನ್ನೇ ತೆಗೆದೆ. ಊಹೂಂ! ಸಂಜೆಗೆ ನಾಚಿಕೆ ಬಿಟ್ಟು ಕೈಮುಗಿದೆ: "ಮಾರ್ಲಿಸ್, ನಿನ್ನ ದಮ್ಮಯ್ಯ, ಒಂದೈನೂರು ಪದ ಬೈಯೇ!"

"ಅಷ್ಟು ಒಳ್ಳೆ ಮಾತನ್ನ ನಿನಗೆ ಬಿಟ್ಟಿ ಕೊಡೋಕೆ ನನಗೇನು ಹುಚ್ಚಾ? ಬೆಳಿಗ್ಗೆ ಲೈಬ್ರರಿಗೆ ಹೋಗಿ ನನ್ನ ಹೆಸರೂ ಬರೆಸಿ ಬಂದೆ. ಏಳು, ಕುರ್ಚಿ ಬಿಡು."

ಈಗ ಅವಳದು ಹನ್ನೆರಡು ಸಾವಿರ ದಾಟಿದೆ. ಅಡುಗೆ ನನ್ನ ಪಾಲಿಗೆ ಬಂದಿದೆ. ಇವತ್ತು ಸೌಟು ಹಿಡಿದು ನಿಂತಿದ್ದೆ, ಹೊಲಿಗೆ ಕೋಣೆಯಿಂದ ಕೂಗಿದಳು:

"ವೆಂಡೆಲ್! ಬೇಗ ಏನಾದರೂ ಒಂದು ಪೆದ್ದು ಮಾತಾಡು. ಗಂಡನ ಪಾತ್ರಕ್ಕೆ ಮಾತು ಸಾಲ್ತಿಲ್ಲ!"

"ಇರೇ ಮಾರಾಯ್ತಿ, ಮೊದಲು ಉಪ್ಪು ಎಲ್ಲಿದೆ ಹೇಳು!"

"ಭೇಷ್!" ಎಂದಳು. ಒಳಗೆ ಟಕಟಕ ಟಕಟಕ ಶುರುವಾಯಿತು. ಉಪ್ಪು ಎಲ್ಲಿದೆ ಅಂತ ಮಾತ್ರ ಹೇಳಲಿಲ್ಲ.