ಸ್ಕ್ಯಾನಿಂಗಿಗೊಬ್ಬಳು ಎರವಲು ಅಕ್ಕ

ಜೊತೆಗೊಬ್ಬರಿದ್ದರೆ ಆಸ್ಪತ್ರೆಯಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ. ಒಂಟಿಯಾಗಿ ಹೋದವನಿಗೇ ಇವೆಲ್ಲ ಗಂಟು ಬೀಳುತ್ತವೆ. ಕಲ್ಯಾಣದುರ್ಗದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ. ಅಷ್ಟರಲ್ಲಿ ಬಲಭುಜದ ಮಾಂಸದೊಳಗೆ ಗಡ್ಡೆಯೊಂದು ಎದ್ದಿತು. ಬೇರೆ ಕಡೆ ಹರಡುವ ಜಾತಿಯದಲ್ಲ, ಕೂತಲ್ಲೇ ಬೇರು ಬಿಡುವಂಥದ್ದು ಎಂದರು ಹಿಂದೂಪುರದ ಡಾಕ್ಟರು. ಹಾರ್ಮೋನಿನ ಮಾತ್ರೆ ಕೊಡೋಣ, ಆಗಾಗ ಎಂಆರ್‌ಐ ತೆಗೆದು ನೋಡೋಣ; ಬಗ್ಗದಿದ್ದರೆ ಕೊಯ್ಯಬೇಕು, ಆಮೇಲೆ ಕೈ ಮೇಲೇಳುವ ಭರವಸೆಯಿಲ್ಲ ಎಂದರು. ಕೈ ಏಳದವನು ಬಟ್ಟೆ ಅಳೆಯುವುದು ಹೇಗೆ?

ಹೆಂಗಸರ ಮಾತ್ರೆ

ಆ ಮಾತ್ರೆಯನ್ನು ಹೆಚ್ಚಾಗಿ ನುಂಗುವವರು ಎದೆಯ ಕ್ಯಾನ್ಸರಾದ ಹೆಂಗಸರು. ನಾನೂ ನುಂಗತೊಡಗಿದೆ. ಮಾಗಿಯ ಚಳಿಯಲ್ಲೂ ಮೈ ಕಾದು ಬೆವರು ಕಿತ್ತುಬರುತ್ತಿತ್ತು. ಜಗಲಿಯ ಮೇಲೆ ಅಂಗಿ ಬಿಚ್ಚಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದುದನ್ನು ಪಕ್ಕದ ಮನೆಯ ಅಜ್ಜಿ ನೋಡಿದರು.

"ಮೈ ಕಾಯ್ತದಾ? ಸುಮ್ಸುಮ್ನೆ ಕಣ್ಣೀರು ಬತ್ತದಾ?"

"ಬತ್ತದೆ ಅಜ್ಜಿ." ಕಣ್ಣೀರು ಮಾತ್ರೆಯದಲ್ಲ ಎಂದು ಹೇಳಲಿಲ್ಲ.

"ಮುಟ್ಟು ನಿಲ್ಲೋವಾಗ ನಂಗೂ ಹಂಗೇ ಆಗಿತ್ತು ಕಣಪ್ಪ. ತಡ್ಕಾ, ಹೋಯ್ತದೆ."

ಬೆಳ್ಳಿ ಕರಡಿಗೆ

ಮೊದಲ ಸ್ಕ್ಯಾನಿಂಗ್ ದಿನ ಟೆಕ್ನಿಷಿಯನ್ ನನ್ನ ಕೊರಳಿನ ಕರಡಿಗೆ ತೋರಿಸಿ, "ಲೋಹ ಏನೂ ಒಳಗೆ ಬರೋ ಹಾಗಿಲ್ಲ, ತೆಗೀರಿ" ಎಂದ.

"ಅದರಲ್ಲಿ ಲಿಂಗ ಐತೆ. ಮೈ ಬಿಟ್ಟು ಇರೋ ಹಂಗಿಲ್ಲ."

ವಾದ ನಡೆಯಿತು. ಕೊನೆಗೆ ಬೆಳ್ಳಿಯನ್ನು ಹೊರಗಿಟ್ಟು, ಬರೀ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಅಂಗೈಯಲ್ಲಿ ಹಿಡಿದುಕೊಳ್ಳುವುದೆಂದು ರಾಜಿಯಾಯಿತು.

"ಮೀತೋ ಎವರೊಚ್ಚಾರು?" ಜೊತೆಗೆ ಯಾರು ಬಂದಿದ್ದಾರೆ ಎಂದು ತೆಲುಗಿನಲ್ಲಿ ಕೇಳಿದ.

ನಾನು ಅಂಗೈ ಎತ್ತಿ ತೋರಿಸಿದೆ. ಬೇರೆ ಯಾರನ್ನು ತೋರಿಸಲಿ?

"ಮುಂದಿನ ಸಲ ಮನುಷ್ಯರನ್ನ ಕರ್ಕೊಂಡು ಬನ್ನಿ" ಎಂದ.

ಅಕ್ಕ

ಮುಂದಿನ ಸಲವೂ ಒಬ್ಬನೇ ಹೋದೆ. ಈ ಸಲ ಚಿತ್ರ ಚೆನ್ನಾಗಿ ಮೂಡಲು ಇಂಜೆಕ್ಷನ್ ಬೇಕು, ಜೊತೆಗೆ ಜನರಿಲ್ಲದೆ ಅದನ್ನು ಚುಚ್ಚುವುದಿಲ್ಲ ಎಂದರು. ಬೆಂಚಿನ ಮೇಲೆ ರೊದ್ದಂ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಗಂಡನ ಮಂಡಿಯ ರಿಪೋರ್ಟಿಗೆ ಕಾಯುತ್ತಿದ್ದವಳು.

"ನಾನೇ ಇವನಕ್ಕ. ಚುಚ್ರಿ!" ಎಂದು ಎದ್ದುಬಂದಳು. ಗುರುತಿಲ್ಲ, ಪರಿಚಯವಿಲ್ಲ.

ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರ ಹತ್ತಿರವೂ ಬಂದಳು. ಅವರು ಹಳೆಯದು ಹೊಸದು ಎರಡೂ ಚಿತ್ರ ತೋರಿಸಿ, "ಗಡ್ಡೆ ಅಳತೆ ಅಷ್ಟೇ ಇದೆ. ಆದರೆ ಆಗ ಬೆಳ್ಳಗಿತ್ತು, ಈಗ ಕಪ್ಪಾಗಿದೆ ನೋಡಿ" ಎಂದರು.

ಅಕ್ಕ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ತಮ್ಮಾ! ಕಪ್ಪಾದ ಕಡ್ಲೆಬೀಜ ಕೆಟ್ಟೋಯ್ತು ಅಂತಲೇ ಅಲ್ವಾ ಸ್ವಾಮಿ?"

"ಹೌದಮ್ಮ, ಅದು ಕೆಡಲಿ ಅಂತಲೇ ಮಾತ್ರೆ ಕೊಟ್ಟಿದ್ದು. ಮಾತ್ರೆ ಹಿಡೀತಾ ಇದೆ, ಈಗ ಕೊಯ್ಯೋದು ಬೇಡ."

ಅವಳು ಇನ್ನೂ ಜೋರಾಗಿ ಅತ್ತಳು, ಈ ಸಲ ಸಂತೋಷಕ್ಕೆ. ನನಗಾಗಿ ಒಬ್ಬರು ಅತ್ತು ಎಷ್ಟು ಕಾಲವಾಗಿತ್ತೋ! ನಾನೂ ಅತ್ತೆ. ಡಾಕ್ಟರು, "ಇಂಥ ಅಕ್ಕ ಇರೋವಾಗ ಒಬ್ಬರೇ ಯಾಕ್ರೀ ಬರ್ತಿದ್ರಿ?" ಎಂದು ನನ್ನನ್ನೇ ಗದರಿದರು.

ಹೊರಗೆ ಬಂದೆವು. ಸೆರಗಿನಿಂದ ಮೂಗೊರೆಸಿಕೊಂಡು, "ಮುಂದಿನ ಸಲ ಫೋನ್ ಮಾಡು, ಬತ್ತೀನಿ" ಎಂದು ಅಕ್ಕ ನನ್ನ ಕೈಗೆ ಫೋನು ಕೊಟ್ಟಳು. ನಂಬರು ಒತ್ತಿಕೊಟ್ಟೆ. ಅವಳು ಫೋನು ನೋಡಿದಳು, ನನ್ನ ಮುಖ ನೋಡಿದಳು.

"ಅಲ್ಲ ಕಣಪ್ಪ, ಅವಾಗ್ಲಿಂದ ಅಳ್ತಾವ್ನಿ... ನಿನ್ನ ಹೆಸರೇನು?"